ಚಿಟಿಕೆ ನಶ್ಯ

ಬ್ರೆಜಿಲ್‌ನ ಆಕ್ರೆ ಕಾಡುಗಳ ಹುನಿ ಕುಯಿನ್, ಯವನವಾ ಜನರ ನಶ್ಯಕ್ಕೆ 'ಹಪೆ' ಅಂತ ಹೆಸರು. ಹೊಗೆಸೊಪ್ಪು ಒಣಗಿಸಿ ಕುಟ್ಟಿ, ಮರದ ಬೂದಿ ಬೆರೆಸಿ, ನುಣ್ಣಗೆ ಜರಡಿ ಹಿಡಿದ ಪುಡಿ. ಒಬ್ಬರೇ ಸೇದೋಕೆ ಪುಟ್ಟ ಕೊಳವೆಯೂ ಇದೆ. ಆದರೆ ವಿಧಿಯಲ್ಲಿ ಇನ್ನೊಬ್ಬರು ಉದ್ದ ಕೊಳವೆ ಹಿಡಿದು ನಿಮ್ಮ ಮೂಗಿನೊಳಕ್ಕೆ ಊದುತ್ತಾರೆ. ಊದುವವರ ಮನಸ್ಸು ಹೇಗಿದೆಯೋ ಅದೂ ಪುಡಿಯ ಜೊತೆ ಒಳಗೆ ಹೋಗುತ್ತೆ ಅನ್ನೋದು ನಂಬಿಕೆ.

ಹೊಗೆಸೊಪ್ಪು ನಮ್ಮಲ್ಲಿಗೂ ಅಮೆರಿಕ ಖಂಡದಿಂದಲೇ ಬಂದದ್ದು. 1604ರ ಹೊತ್ತಿಗೆ ಬಿಜಾಪುರದಲ್ಲಿ ಅದನ್ನು ಕಂಡ ಅಸದ್ ಬೇಗ್, ಅಕ್ಬರನ ಆಸ್ಥಾನಕ್ಕೂ ಒಯ್ದ. ಸೊಪ್ಪು ಹಡಗು ಹತ್ತಿತು, ವಿಧಿ ಅಲ್ಲೇ ಉಳೀತು.

ಹಾಗಂತ ನಮ್ಮ ನಶ್ಯಕ್ಕೆ ಕಟ್ಟಳೆಯೇ ಇರಲಿಲ್ಲ ಅನ್ನಬೇಡಿ. ತಳಕಿನ ಕಡೆ ನಾನು ಬೆಳೆದ ಹಳ್ಳಿಯಲ್ಲಿ ಕಟ್ಟೆ ಮೇಲೆ ಕೂತ ಮುದುಕರು ಡಬ್ಬಿ ಮುಚ್ಚಳ ತೆಗೆದು ತಮ್ಮವರ ಮುಂದೆ ಹಿಡೀತಿದ್ದರು. ಅವರು ಬೆರಳು ಹಾಕಿ ಚಿಟಿಕೆ ತಗೋಬಹುದಿತ್ತು. ಕೆಳಗೆ ನಿಂತು ಕೇಳಿದವರ ಅಂಗೈಗೆ ಮಾತ್ರ ಮೇಲಿಂದ ಉದುರಿಸೋದು, ಕುಡಿಯೋಕೆ ನೀರು ಹೊಯ್ದ ಹಾಗೇ. ಗಾಳಿ ಬೀಸಿದರೆ ಅರ್ಧ ಮಣ್ಣಿಗೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಈಗ ನಮ್ಮ ಐಟಿ ಗೆಳೆಯರು ಹಪೆಯನ್ನು ಆನ್‌ಲೈನ್‌ನಲ್ಲಿ ಹುಡುಕ್ತಾರೆ, ಮನಶ್ಶುದ್ಧಿಗಂತೆ! ಅದರಲ್ಲಿರೋದೂ ನಿಕೋಟಿನ್ನೇ, ಅದಿರಲಿ. ಎಲ್ಲೋ ದೂರದ ಕಾಡಿನವರ ಉಸಿರು ನಮ್ಮ ಮೂಗಿಗೆ ಬೇಕು. ಅಂಗೈ ಚಾಚಿದವರ ಮೊಮ್ಮಗ ಇವತ್ತು ಪಕ್ಕದ ಸೀಟಲ್ಲೇ ಕೂತಿರಬಹುದು. ಅವನ ಟಿಫಿನ್ ಡಬ್ಬಿಗೆ ಕೈ ಹಾಕೋ ಮೊದಲು "ನೀವು ಯಾವ ಪೈಕಿ?" ಅಂತ ನಗ್ತಾ ಕೇಳೋರನ್ನ ನಾನು ನೋಡಿದ್ದೇನೆ.