ಆಗದೆ ಉಳಿದದ್ದು

(ಉತ್ತರ ಕನ್ನಡದ ಕರಾವಳಿಯ ಒಂದು ಆಸ್ಪತ್ರೆ. ಗಂಡಸರ ವಾರ್ಡಿನ ಹೊರಗಿನ ಬೆಂಚು. ರಾತ್ರಿ ಒಂದೂವರೆ. ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರು, ಲಕ್ವ ಹೊಡೆದು ಮಲಗಿರುವ ಅಣ್ಣನ ಜೊತೆಗೆ ಬಂದಿದ್ದಾರೆ. ಶಾರದಕ್ಕ ಆ ವಾರ್ಡಿನ ಆಯಾ.)

ಮಾಸ್ತರು: ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. ಇನ್ನೊಬ್ಬರ ಹೇಲು-ಉಚ್ಚೆ ಬಳಿಯುವ ಕೆಲಸ. ಇದರಲ್ಲಿ ಖುಷಿ ಅನ್ನೋದು ಉಂಟಾ?

ಶಾರದಕ್ಕ: ಉಂಟು.

ಮಾಸ್ತರು: ಗುಣವಾಗಿ ಮನೆಗೆ ಹೊರಟವರು ಕೈಮುಗಿಯುವಾಗ, ಅಲ್ವಾ?

ಶಾರದಕ್ಕ: ಕೈಮುಗಿಯೋದು ಡಾಕ್ಟರಿಗೆ. ಪೇಡೆ ಡಬ್ಬಿ ಸಿಸ್ಟರ ಮೇಜಿಗೆ. ಆ ಹೊತ್ತಿಗೆ ನಾನು ಹಾಸಿಗೆಯ ಚಾದರ ಕೀಳ್ತಾ ಇರ್ತೇನೆ. ಮುಂದಿನ ರೋಗಿ ಬಾಗಿಲಲ್ಲೇ ಇರ್ತಾನಲ್ಲ.

ಮಾಸ್ತರು: ಹಾಗಾದರೆ ಯಾವಾಗ?

ಶಾರದಕ್ಕ: ಬೆಳಗಿನ ಆರು ಗಂಟೆಗೆ. ನಿಮ್ಮ ಅಣ್ಣನನ್ನು ಮಗ್ಗುಲಾಗಿಸಿ ಬೆನ್ನು ನೋಡ್ತೇನೆ. ಬಾಲದೆಲುಬು, ಸೊಂಟದ ಗಂಟು, ಹಿಮ್ಮಡಿ, ಎಲುಬು ಎಲ್ಲೆಲ್ಲಿ ಚರ್ಮಕ್ಕೆ ತಾಗಿಕೊಂಡಿದೆಯೋ ಅಲ್ಲೆಲ್ಲ. ನಮಗಾದರೆ ಮಲಗಿದಲ್ಲಿ ನೋವಾದ ಕೂಡಲೇ ನಿದ್ದೆಯಲ್ಲೇ ಹೊರಳ್ತೇವೆ. ಅವರಿಗೆ ಹೊರಳೋಕೆ ಬಾರದು, ಎಡಮಗ್ಗುಲಿಗೆ ನೋವೂ ತಿಳಿಯದು. ಮೈಭಾರ ಒಂದೇ ಕಡೆ ಕೂತರೆ ಅಲ್ಲಿಗೆ ರಕ್ತ ಹೋಗೋದಿಲ್ಲ, ಮಾಂಸ ಒಳಗಿಂದಲೇ ಸಾಯ್ತದೆ. ಅದಕ್ಕೇ ಎರಡೆರಡು ಗಂಟೆಗೆ ಹೊರಳಿಸೋದು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳುಚಿ ಮತ್ತೆ ಕೆಂಪಾಗಬೇಕು. ಬಿಳುಚಲಿಲ್ಲ ಅಂದ್ರೆ ಕೆಡೋಕೆ ಶುರುವಾಯ್ತು ಅಂತ ಲೆಕ್ಕ. ನಮ್ಮಂಥ ಕಪ್ಪು ಮೈಯಲ್ಲಿ ಕೆಂಪು ಕಾಣೋದೂ ಕಷ್ಟ. ಸುತ್ತಲಿಗಿಂತ ಬಿಸಿ ಉಂಟಾ, ಗಟ್ಟಿ ಉಂಟಾ ಅಂತ ಬೆರಳೇ ಹೇಳಬೇಕು. ಆರು ಗಂಟೆಗೆ ನೋಡಿದಾಗ ಏನೂ ಇಲ್ಲ ಅಂದ್ರೆ, ಆಗ.

ಮಾಸ್ತರು: ಆಗ ಏನು? ಏನೂ ಆಗಲೇ ಇಲ್ಲವಲ್ಲ!

ಶಾರದಕ್ಕ: ಆಗಲಿಲ್ಲ. ಅದೇ ಖುಷಿ.

ಮಾಸ್ತರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದೆ ಮಾರಾಯ್ತಿ. ವೈಶೇಷಿಕ ದರ್ಶನದವರು ಜಗತ್ತಿನಲ್ಲಿರುವುದನ್ನೆಲ್ಲ ಎಣಿಸಿದರು: ದ್ರವ್ಯ, ಗುಣ, ಕರ್ಮ ಮುಂತಾದ ಆರು ಪದಾರ್ಥ. ಆಮೇಲಿನವರು ಏಳನೆಯದೊಂದನ್ನು ಸೇರಿಸಿದರು, ಅಭಾವ. ಇಲ್ಲದಿರುವುದೂ ಒಂದು ಪದಾರ್ಥ! ಹುಡುಗರು ನಗುತ್ತಿದ್ದರು. ಅದರಲ್ಲೂ ಬಗೆಗಳಿವೆ. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಅದಕ್ಕೆ ಶುರುವಿದೆ, ಕೊನೆಯಿಲ್ಲ. ಮಡಕೆ ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಶುರುವಿಲ್ಲ, ಕೊನೆಯುಂಟು. ಮಡಕೆ ಹುಟ್ಟಿದ ಕ್ಷಣ ಅದು ಸತ್ತಿತು.

ಶಾರದಕ್ಕ: ಹಾಗಾದ್ರೆ ಹುಣ್ಣು ಮೊದಲಿಂದಲೂ ಇರಲೇ ಇಲ್ಲ. ನಾನು ಮಾಡಿದ್ದೇನು?

ಮಾಸ್ತರು: ಕೊನೆಯಾಗಬೇಕಿದ್ದ ಪ್ರಾಗಭಾವವನ್ನು ಕೊನೆಯಾಗಲು ಬಿಡಲಿಲ್ಲ.

ಶಾರದಕ್ಕ: ಎರಡು ಗಂಟೆ ಮಟ್ಟಿಗೆ. ಆಮೇಲೆ ಮತ್ತೆ ಹೊರಳಿಸಬೇಕು.

ಮಾಸ್ತರು: ಹೌದು, ಒಪ್ಪಿದೆ. ಆದರೆ ಇದು ಯಾರಿಗೂ ಕಾಣೋದಿಲ್ಲವಲ್ಲ. ಬೆನ್ನುಹುಣ್ಣಾದರೆ ಸಾಮಾನ್ಯವಾಗಿ ಅದು ರೋಗದ ತಪ್ಪಲ್ಲ, ಆರೈಕೆಯ ತಪ್ಪು ಅಂತ ನೈಟಿಂಗೇಲ್ ಬರೆದಿಟ್ಟಿದ್ದಾಳೆ. ಆಗದಿದ್ದರೆ ಯಾರ ಪುಣ್ಯ ಅಂತ ಯಾರೂ ಕೇಳೋದಿಲ್ಲ.

ಶಾರದಕ್ಕ: ಹುಣ್ಣಾದರೆ ಆಯಾ ಯಾರು ಅಂತ ಕೇಳ್ತಾರೆ. ಆಗದಿದ್ದರೆ ಗಟ್ಟಿ ಜೀವ ಅಂತಾರೆ.

ಮಾಸ್ತರು: ಅಂದಹಾಗೆ ಸಂಬಳ ಎಷ್ಟು?

ಶಾರದಕ್ಕ: ಹೊರಗುತ್ತಿಗೆ. ಏಜೆನ್ಸಿ ಬದಲಾದಾಗಲೆಲ್ಲ ನಾನು ಹೊಸಬಳು. ಹದಿನಾರು ವರ್ಷದಲ್ಲಿ ನಾಲ್ಕು ಸಲ ಹೊಸಬಳಾಗಿದ್ದೇನೆ.

ಮಾಸ್ತರು: ಮತ್ತೆ ಖುಷಿ ಅಂತೀರಲ್ಲ! ಈ ಖುಷಿ, ಕಾಯಕ, ಸೇವೆ ಅಂತ ಹೇಳಿ ಹೇಳಿಯೇ ನಿಮ್ಮನ್ನು ಅಗ್ಗಕ್ಕೆ ದುಡಿಸಿದ್ದು.

ಶಾರದಕ್ಕ: ದುಡ್ಡಿನ ಲೆಕ್ಕ ಏಜೆನ್ಸಿ ಹತ್ರ ಕೇಳ್ತೇನೆ, ಬಿಡೋದಿಲ್ಲ. ಖುಷಿಯ ಲೆಕ್ಕ ನೀವು ಕೇಳಿದಿರಿ, ಹೇಳಿದೆ. ಒಂದನ್ನು ಇನ್ನೊಂದರಲ್ಲಿ ವಜಾ ಮಾಡಬೇಡಿ.

ಮಾಸ್ತರು: ಸರಿ. ಆದರೆ ಇನ್ನೊಂದು ಸಂಶಯ. ಗುಣವಾಗುವ ರೋಗಿಯಾದರೆ ಈ ಮಾತು ಒಪ್ಪಬಹುದು. ನಮ್ಮ ಹಳದೀಪುರದ ಅರುಣಾ ಶಾನಭಾಗ? ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹುಡುಗಿ. 1973ರ ನವೆಂಬರಿನಲ್ಲಿ ಅಲ್ಲಿಯವನೇ ನಾಯಿ ಸರಪಳಿಯಿಂದ ಕುತ್ತಿಗೆ ಬಿಗಿದ. ಆಮೇಲೆ ಅವಳು ಎದ್ದಿದ್ದೇ ಇಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು: ಈ ಜೀವವನ್ನು ಬಿಟ್ಟುಬಿಡಬಾರದೇ ಅಂತ. 2011ರಲ್ಲಿ ಬಂದ ತೀರ್ಪಿನಿಂದಲೇ ದಯಾಮರಣದ ಬಾಗಿಲು ದೇಶದಲ್ಲಿ ಒಂದಿಷ್ಟು ತೆರೆದದ್ದು, ಆದರೆ ಅವಳಿಗೆ ಅಲ್ಲ. ನರ್ಸುಗಳು ಬೇಡ ಅಂದರು, ನಾವು ನೋಡಿಕೊಳ್ತೇವೆ ಅಂದರು. ನಾನು ಆಗ ಯೋಚಿಸಿದ್ದುಂಟು, ಇದು ಕರುಣೆಯೋ ಹಟವೋ? ಬದುಕು ಅಂದರೆ ಉಸಿರೋ, ಅರಿವೋ? ಅರಿವಿಲ್ಲದ ಕಡೆ…

ಶಾರದಕ್ಕ: ಅದು ದೊಡ್ಡವರ ಪ್ರಶ್ನೆ. ಬೆನ್ನು ಹೇಗಿತ್ತು?

ಮಾಸ್ತರು: ಯಾರದು?

ಶಾರದಕ್ಕ: ಅರುಣಂದು.

ಮಾಸ್ತರು: …ಹುಣ್ಣಿರಲಿಲ್ಲ. ಅಷ್ಟು ವರ್ಷ ಮಲಗಿದ್ದರೂ ಹುಣ್ಣಾಗಿಲ್ಲ ಅಂತ ಕೋರ್ಟೇ ಮೆಚ್ಚಿತ್ತು. 2015ರ ಮೇ ತಿಂಗಳಲ್ಲಿ ತೀರಿಕೊಂಡಳು, ಅದೂ ನ್ಯುಮೋನಿಯಾದಿಂದ.

ಶಾರದಕ್ಕ: ನಲವತ್ತೊಂದು ವರ್ಷ. ಎರಡೆರಡು ಗಂಟೆಯ ಲೆಕ್ಕ ಹಾಕಿ ಮಾಸ್ತರೇ, ಎಷ್ಟು ಸಲ ಹೊರಳಿಸಿರಬೇಕು? ಅವಳು ನಡೆದಾಡಿದ್ದನ್ನೇ ನೋಡದ ಹುಡುಗಿಯರು ಕೆಲಸಕ್ಕೆ ಸೇರಿ, ಹೊರಳಿಸಿ, ರಿಟೈರಾಗಿ ಹೋಗಿರ್ತಾರೆ. ಮೀನು ಕೊಟ್ಟರೆ ಇಷ್ಟಪಡ್ತಿದ್ದಳಂತಲ್ಲ, ನಮ್ಮ ಕಡೆಯವಳು. ಅವಳ ಕುತ್ತಿಗೆ ಬಿಗಿದವನೂ ವಾರ್ಡಿನ ಕೆಲಸದವನೇ, ನನ್ನ ದರ್ಜೆಯವನು. ಅವನ ಹೆಸರು ಎಲ್ಲ ಪೇಪರಲ್ಲಿ ಬಂತು. ಒಂದು ಸಂಜೆ ಮಾಡಿದ್ದಕ್ಕೆ. ಅಷ್ಟು ಸಾವಿರ ರಾತ್ರಿ ಆಗದ ಹಾಗೆ ನೋಡಿಕೊಂಡವರ ಹೆಸರು ನಿಮಗೆ ಒಂದಾದರೂ ಗೊತ್ತುಂಟಾ?

ಮಾಸ್ತರು: ಇಲ್ಲ.

ಶಾರದಕ್ಕ: ನನಗೂ ಗೊತ್ತಿಲ್ಲ. ಅವಳು ಥ್ಯಾಂಕ್ಸ್ ಅನ್ನಲಿಲ್ಲ, ಎದ್ದು ಕೂರಲಿಲ್ಲ. ಆದರೂ ಬೆಳಿಗ್ಗೆ ಚಾದರ ಸರಿಸಿ ಬೆನ್ನು ನೋಡಿದವಳಿಗೆ ಏನೋ ಒಂದು ಆಗಿರ್ತದೆ. ಅದು ನನಗೆ ಗೊತ್ತು.

(ಗೋಡೆ ಗಡಿಯಾರದಲ್ಲಿ ಎರಡು. ಇಬ್ಬರೂ ಒಳಗೆ ಹೋಗುತ್ತಾರೆ. ಶಾರದಕ್ಕ ರೋಗಿಯ ಎಡಗಾಲನ್ನು ದಿಂಬಿನಿಂದ ಮೇಲೆತ್ತುತ್ತಾಳೆ.)

ಶಾರದಕ್ಕ: ಬನ್ನಿ, ಹಿಮ್ಮಡಿ ನೋಡಿ.

ಮಾಸ್ತರು: ತಡೀರಿ, ಕನ್ನಡಕ ಬೆಂಚಿನ ಮೇಲೆ ಬಿಟ್ಟೆ.

ಶಾರದಕ್ಕ: ಕನ್ನಡಕ ಬೇಡ. ಮುಟ್ಟಿ. ಬಿಸಿ ಉಂಟಾ?

ಮಾಸ್ತರು: ಗೊತ್ತಾಗ್ತಾ ಇಲ್ಲ. ನನ್ನ ಕೈಯೇ ತಣ್ಣಗಿದೆ.

ಶಾರದಕ್ಕ: ಉಜ್ಜಿಕೊಂಡು ಮತ್ತೆ ಮುಟ್ಟಿ.