‘ಬಿಡ್ತು ಅನ್ನು’

ನಮ್ಮ ಮನೆಗಳಲ್ಲಿ ಮಕ್ಕಳು ಬಾಯಿತಪ್ಪಿ ಅಶುಭವಾಡಿದರೆ ಹಿರಿಯರು ಕೂಡಲೇ ‘ಬಿಡ್ತು ಅನ್ನು’ ಎನ್ನುತ್ತಾರೆ. ಮಗು ‘ಬಿಡ್ತು’ ಎನ್ನುತ್ತದೆ. ಅಲ್ಲಿಗೆ ದೋಷ ಪರಿಹಾರವಾದಂತೆ. ಕೆಟ್ಟ ಯೋಚನೆಯನ್ನು ಕಿತ್ತು ಒಳ್ಳೆಯದನ್ನು ನೆಡುವ ವಿದ್ಯೆ ಈಚಿನ ಮನಶ್ಶಾಸ್ತ್ರಜ್ಞರ ಸೃಷ್ಟಿಯೆಂದು ತಿಳಿದವರು ಈ ಎರಡಕ್ಷರದ ಮಂತ್ರವನ್ನು ಮರೆತಿರಬೇಕು.

ಧೈರ್ಯದ ಮಗುವಿಗೆ ಮಂತ್ರ ಸಾಕು. ಪುಕ್ಕಲು ಮಗುವಿಗೆ? ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ತಾಯಿ ಕಚೇರಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಾನೆ. (ಫೋನು ಮಾಡಿದರೆ ತೀರಿತಲ್ಲ ಎನ್ನಬೇಡಿ, ಎತ್ತದ ಫೋನು ಉರಿಯುವ ಬೆಂಕಿಗೆ ತುಪ್ಪ.) ‘ತಾತ, ಅಮ್ಮನ ಬಸ್ಸಿಗೆ ಏನಾದರೂ ಆಗಿದ್ದರೆ?’ ಎನ್ನುತ್ತಾನೆ. ‘ಬಿಡ್ತು ಅನ್ನೋ! ಅಶ್ವಿನೀದೇವತೆಗಳು ಅಸ್ತು ಅಂದುಬಿಡ್ತಾರೆ’ ಎಂದು ನಮ್ಮ ಮನೆಯಾಕೆ ಒಳಗಿನಿಂದಲೇ ಗದರುತ್ತಾಳೆ. ಹುಡುಗ ‘ಬಿಡ್ತು, ಬಿಡ್ತು’ ಎಂದು ಜಪಕ್ಕೆ ತೊಡಗುತ್ತಾನೆ. ಮೊದಲು ಅವನಿಗಿದ್ದದ್ದು ಒಂದು ಭಯ, ಈಗ ಎರಡಾಯಿತು. ಬಸ್ಸಿಗೆ ಏನಾದರೂ ಆದರೆ ತಾನು ಹಾಗೆ ಯೋಚಿಸಿದ್ದೇ ಕಾರಣವೆಂಬ ಅಪರಾಧವೂ ಅವನ ತಲೆಗೇರಿತು.

ಇದನ್ನು ಆಕೆಗೆ ಹೇಳಿದೆ. ‘ಅವನಿಗೆ ಹೇಳಿದ್ದಲ್ಲಾರೀ, ನನಗೇ ಎದೆ ಹೊಡೆದುಕೊಳ್ಳುತ್ತೆ’ ಎಂದಳು. ಪ್ರಾಮಾಣಿಕವಾದ ಉತ್ತರ. ಮಗುವಿನ ಯೋಚನೆಯನ್ನು ಬದಲಾಯಿಸಲು ನಾವು ಪಡುವ ಅವಸರದಲ್ಲಿ ಅದರ ಹಿತವೆಷ್ಟು, ಅದನ್ನು ಕೇಳಲಾರದ ನಮ್ಮ ಸಂಕಟವೆಷ್ಟು?

ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದ ವೈದ್ಯನ ಕಥೆ ನಮಗೆಲ್ಲ ಗೊತ್ತು. ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಬದಲು ಬಿಳಿಯ ಕರಡಿಯಿತ್ತು. ಅದನ್ನು ನೆನೆಯಬೇಡಿರೆಂದು ಹೇಳಿಸಿಕೊಂಡವರಿಗೆ ಅದು ಮತ್ತೆ ಮತ್ತೆ ನೆನಪಾಯಿತು.

ಹಾಗಾದರೆ ‘ಏನೂ ಆಗೋಲ್ಲ’ ಎಂಬ ಸಿಹಿಮಾತನ್ನು ತುಂಬೋಣವೆ? ಕೆನಡದ ಜೋಆನ್ ವುಡ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಿಷಯದಲ್ಲಿ ತಮಗೇ ಗೌರವ ಕಡಮೆಯಿದ್ದವರು ‘ನಾನು ಪ್ರೀತಿಗೆ ಪಾತ್ರ’ ಎಂಬಂಥ ಮಾತನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬಲಾಗದ ಒಳ್ಳೆಯ ಮಾತು ಒಳಗಿನ ಎದುರುವಾದಿಯನ್ನು ಎಬ್ಬಿಸುತ್ತದೆಯೆಂದು ಕಾಣುತ್ತದೆ. ಇನ್ನು ಕೆಲವರು ಪತಂಜಲಿಯ ‘ಪ್ರತಿಪಕ್ಷಭಾವನೆ’ಯನ್ನು ಮುಂದಿಡುತ್ತಾರೆ. ಆದರೆ ಯೋಗಸೂತ್ರದಲ್ಲಿ ಆ ಮಾತು ಬರುವುದು ಯಮನಿಯಮಗಳನ್ನು ಕಾಯುವುದಕ್ಕಾಗಿ. ಯಮಗಳಲ್ಲಿ ಸತ್ಯವೂ ಒಂದು. ಸತ್ಯಕ್ಕೆ ಕಾವಲಾಗಿ ಇಟ್ಟ ಸಾಧನವನ್ನು ಸುಳ್ಳಿನ ಸಮರ್ಥನೆಗೆ ಎಳೆದು ತರುವುದು ವಿಚಿತ್ರ.

ಮಗುವಿಗೆ ಸತ್ಯದ ಭಾರವೇಕೆ ಎಂದು ನೀವು ಕೇಳಬಹುದು. ಮೂರು ವರ್ಷದ್ದಾದರೆ ಎತ್ತಿಕೊಂಡರಾಯಿತು. ಊಟ ನಿದ್ದೆ ಬಿಟ್ಟು, ಶಾಲೆಗೂ ಹೋಗಲಾರದಷ್ಟು ಹೆದರುವ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಲ್ಲಿ ನನ್ನ ತರ್ಕಕ್ಕೆ ಕೆಲಸವಿಲ್ಲ. ಆದರೆ ಒಂಬತ್ತು ವರ್ಷದವನು ಪತ್ರಿಕೆ ಓದುತ್ತಾನೆ. ಬಸ್ಸುಗಳು ಉರುಳುವುದು ಅವನಿಗೆ ಗೊತ್ತು.

1960ರ ದಶಕದಲ್ಲಿ ಫಿಲಡೆಲ್ಫಿಯದ ಏರನ್ ಬೆಕ್ ತಮ್ಮ ರೋಗಿಗಳಿಗೆ ಸಿಹಿಯಾಗಿ ಯೋಚಿಸಿರೆನ್ನಲಿಲ್ಲ. ಯೋಚನೆಯೂ ಒಂದು ಊಹೆಯೇ, ಅದಕ್ಕೆ ಆಧಾರವೇನೆಂದು ನೋಡಿರೆಂದರು. ಅದೇ ಜಾಡಿನಲ್ಲಿ ನಾನೂ ಹುಡುಗನನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದೆ. ಈ ತಿಂಗಳು ಅಮ್ಮ ತಡವಾಗಿ ಬಂದದ್ದು ಆರು ದಿನ. ಎರಡು ದಿನ ಮಳೆ, ಮೂರು ದಿನ ವಾಹನಗಳ ದಟ್ಟಣೆ, ಒಂದು ದಿನ ತರಕಾರಿ. ಅವನೇ ಎಣಿಸಿದ. ಆಮೇಲೆ, ‘ಆದರೂ ಒಂದು ದಿನ ಆಗಬಹುದು, ಅಲ್ವಾ ತಾತ?’ ಎಂದ. ‘ಆಗಬಹುದು. ಆದರೆ ನಾನಿದ್ದೇನಲ್ಲ’ ಎಂದೆ. ನನ್ನ ನರೆತ ತಲೆಯನ್ನು ನೋಡಿ, ‘ನೀನು ಯಾವಾಗಲೂ ಇರ್ತೀಯಾ?’ ಎಂದ. ‘ಯಾವಾಗಲೂ ಇಲ್ಲ, ಈಗ ಇದ್ದೇನೆ’ ಎಂದೆ. ಅವನು ಅಳಲಿಲ್ಲ.

ಲೆಕ್ಕ ಕೈಕೊಡುವ ಸಂದರ್ಭಗಳೂ ಉಂಟು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್‌ನ ಎರಡನೆಯ ಅಲೆ ಎದ್ದಾಗ ಬೆಂಗಳೂರಿನ ಜನ ಆಸ್ಪತ್ರೆಯ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಅಲೆದರು. ‘ಅಪ್ಪ ಮನೆಗೆ ಬರ್ತಾರಾ?’ ಎಂದು ಆಗ ಕೇಳಿದ ಮಗುವಿನ ಯೋಚನೆ ಕೆಟ್ಟದ್ದಾಗಿರಲಿಲ್ಲ, ಸರಿಯಾಗಿತ್ತು. ಅದನ್ನು ತೆಗೆದು ಬೇರೊಂದನ್ನು ಇಡಲು ಯಾರಿಗೂ ಅಧಿಕಾರವಿರಲಿಲ್ಲ. ‘ನನಗೂ ಗೊತ್ತಿಲ್ಲ ಕಂದ, ಗೊತ್ತಾದ ಕೂಡಲೇ ನಿನಗೆ ಹೇಳ್ತೀನಿ’ ಎಂದ ಒಬ್ಬ ತಾಯಿಯನ್ನು ನಾನು ಬಲ್ಲೆ. ಆಕೆ ಆ ಮಾತನ್ನು ಉಳಿಸಿಕೊಂಡರು.