ಸತ್ತ ಕೊಂಬೆ, ಸಾಯಿಸಿದ ಕೊಂಬೆ

ನಮ್ಮ ಮನೆಗೆ ಬಂದವರು ಡೆಕ್ಕಿನ ಮೇಲಿರುವ ಪುಟ್ಟ ಜೂನಿಪರ್ ಬೋನ್ಸಾಯ್ ನೋಡಿ ಮೊದಲು ಕೇಳುವ ಪ್ರಶ್ನೆ, "ಈ ಒಣಗಿದ ಕೊಂಬೆಯನ್ನು ಯಾಕೆ ಕತ್ತರಿಸಿ ಹಾಕಿಲ್ಲ?" ಯುಗಾದಿಯ ಪಾಟ್‌ಲಕ್ಕಿಗೆ ಬಂದಿದ್ದ ಹಿರಿಯರೊಬ್ಬರಂತೂ ಮನೆಯ ಮುಂದೆ ಒಣಮರ ಇರಬಾರದು, ಶ್ರೇಯಸ್ಸಲ್ಲ ಎಂದು ಬುದ್ಧಿ ಹೇಳಿದರು. "ಇದು ಮನೆಯ ಹಿಂದೆ ಇದೆಯಲ್ಲ ಸಾರ್" ಎಂದು ನಕ್ಕು ತಪ್ಪಿಸಿಕೊಂಡೆವು. ಆದರೆ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಅದರ ಬೆನ್ನಿಗೇ ಇನ್ನೂ ಕಷ್ಟದ ಪ್ರಶ್ನೆಯೊಂದು ನಮ್ಮ ಮನೆಯಲ್ಲೇ ಎದ್ದಿತು. ಅದನ್ನು ಸಂಘದ ಓದುಗರ ಮುಂದೆ ಇಡೋಣವೆಂದು ಈ ಬರಹ.

ಗಿಡವನ್ನು ನಾವು 2009ರಲ್ಲಿ ಸೇಲಿನಲ್ಲಿ ಕೊಂಡದ್ದು. 2016ರ ಬೇಸಿಗೆಯಲ್ಲಿ ತಂದೆಯವರಿಗೆ ಕಾಯಿಲೆ ಜೋರಾಗಿ ಏಳು ವಾರ ಮೈಸೂರಿನಲ್ಲಿದ್ದೆವು. ಹದಿಮೂರನೆಯ ದಿನದ ಕಾರ್ಯವನ್ನೂ ಮುಗಿಸಿಕೊಂಡು ರಾಕ್‌ವಿಲ್‌ಗೆ ಮರಳಿದಾಗ ಗಿಡ ಹಸಿರಾಗಿಯೇ ಇತ್ತು. ಸದ್ಯ ಇದಾದರೂ ಉಳಿಯಿತಲ್ಲ ಎಂದುಕೊಂಡೆವು. ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿ ಕಾಣುತ್ತದೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಆಗಸ್ಟ್ ಕೊನೆಗೆ ಎಡಗಡೆಯ ದೊಡ್ಡ ಕೊಂಬೆ ಮಾತ್ರ ಮಂಕಾಗಿ, ಹಳದಿಯಾಗಿ, ಕಂದಾಗಿ ಹೋಯಿತು. ಈ ಜಾತಿಯಲ್ಲಿ ಒಂದು ಕಡೆಯ ಬೇರು ಹೆಚ್ಚಾಗಿ ಅದೇ ಕಡೆಯ ಕೊಂಬೆಗೆ ನೀರುಣಿಸುತ್ತದೆ. ಆ ಬೇರು ಒಣಗಿದರೆ ಆ ಕೊಂಬೆಯಷ್ಟೇ ಹೋಗುತ್ತದೆ. ನೀರು ಹಾಕಲು ಒಪ್ಪಿದ್ದ ಹುಡುಗನದೇನೂ ತಪ್ಪಿಲ್ಲ. ಕುಂಡದ ಎರಡೂ ಬದಿಗೆ ಹಾಕು ಎಂದು ನಾವು ಹೇಳಿಯೇ ಇರಲಿಲ್ಲ.

ಕತ್ತರಿ ಹಿಡಿದಿದ್ದ ನಮ್ಮನ್ನು ತಡೆದವರು ಬೋನ್ಸಾಯ್ ಕೂಟದ ಹಿರಿಯರೊಬ್ಬರು. ಒಣಗಿದ ಕೊಂಬೆಯನ್ನು ಉಳಿಸಿಕೊಳ್ಳುವ ವಿದ್ಯೆಯೇ ಒಂದಿದೆ ಎಂದರು. ಜಪಾನೀಯರು ತೊಗಟೆ ಕಳೆದು ಬೋಳಾಗಿ ನಿಂತ ಕೊಂಬೆಗೆ 'ಜಿನ್' ಎನ್ನುತ್ತಾರೆ, ಕಾಂಡದ ಮೇಲೆ ತೊಗಟೆ ಹೋಗಿ ಕಾಣುವ ಬಿಳಿ ಪಟ್ಟೆಗೆ 'ಶಾರಿ' ಎನ್ನುತ್ತಾರೆ. (ನಮ್ಮ ಶಾರದೆಯರನ್ನು ಅಕ್ಕರೆಯಿಂದ ಕರೆಯುವ ಶಾರಿಯಲ್ಲ.) ಎತ್ತರದ ಬೆಟ್ಟಗಳಲ್ಲಿ ಗಾಳಿ, ಹಿಮ, ಸಿಡಿಲು ಇದನ್ನು ತಾವೇ ಮಾಡುತ್ತವೆ. ಕ್ಯಾಲಿಫೋರ್ನಿಯದ ವೈಟ್ ಮೌಂಟನ್ಸ್‌ನಲ್ಲಿರುವ ಬ್ರಿಸಲ್‌ಕೋನ್ ಪೈನ್ ಮರಗಳಲ್ಲಿ 4,800 ವರ್ಷ ದಾಟಿದ್ದೂ ಇದೆ. ಅಂಥ ಮುದಿ ಮರಗಳಲ್ಲಿ ಕಾಂಡದ ಬಹುಪಾಲು ಬೋಳು ಕಟ್ಟಿಗೆಯಾಗಿದ್ದು, ಕಿರಿದಾದ ಒಂದು ತೊಗಟೆಯ ಪಟ್ಟಿ ಮೇಲಿನ ಹಸಿರನ್ನೆಲ್ಲ ಸಾಕುತ್ತಿರುವುದುಂಟು.

ಕೆಲಸ ಹೀಗೆ. ಮೊದಲು ತೊಗಟೆಯನ್ನು ಪೂರ್ತಿ ಸುಲಿಯಬೇಕು. ತುದಿಯನ್ನು ಗರಗಸದಿಂದ ಕೊಯ್ಯಬಾರದು. ಇಕ್ಕಳದಿಂದ ಹಿಡಿದು ಮುರಿದು, ನಾರು ಹೋದತ್ತ ಎಳೆ ಎಳೆಯಾಗಿ ಕೆಳಗೆಳೆಯಬೇಕು. ಆಗ ಗಾಳಿಗೆ ಮುರಿದಂತೆ ಕಾಣುತ್ತದೆ. ಕಟ್ಟಿಗೆ ಚೆನ್ನಾಗಿ ಒಣಗಿದ ಮೇಲೆ, ಬಿಸಿಲಿರುವ ದಿನ ನೋಡಿ, ಮೇಲ್ಮೈಯನ್ನು ಸ್ವಲ್ಪ ಒದ್ದೆ ಮಾಡಿ, ಸುಣ್ಣ ಮತ್ತು ಗಂಧಕ ಕುದಿಸಿ ಮಾಡಿದ ದ್ರಾವಣವನ್ನು ಸಣ್ಣ ಕುಂಚದಿಂದ ಹಚ್ಚಬೇಕು. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಬೇಕು, ಜೀವಂತ ತೊಗಟೆಗೂ ಎಲೆಗೂ ತಾಗಿಸಬಾರದು, ಕೈಗವಸು ಕನ್ನಡಕ ಮರೆಯಬಾರದು. ವಿನೆಗರ್‌ನಂಥ ಹುಳಿಯೇನನ್ನೂ ಅದರ ಹತ್ತಿರ ತರಕೂಡದು, ವಿಷಾನಿಲ ಏಳುತ್ತದೆ. ಹಚ್ಚಿದಾಗ ಕಡು ಹಳದಿಯಾಗಿರುವುದು ಬಿಸಿಲಿಗೆ ಒಣಗುತ್ತಾ ಮೂಳೆಯಂತೆ ಬೆಳ್ಳಗಾಗುತ್ತದೆ. ಬೂಷ್ಟು, ಹುಳ ಹತ್ತಿರ ಬರುವುದಿಲ್ಲ. ಹೆಸರಿನಲ್ಲಿ ಗಂಧವಿದ್ದರೂ ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಮೊಟ್ಟೆಯನ್ನೇ ಮನೆಗೆ ತರದ ನಮ್ಮ ಡೆಕ್ಕಿನಿಂದ ಆ ವಾಸನೆ ಪಕ್ಕದ ಮನೆಗೂ ಹೋಗಿ ಏನೇನು ಅಂದುಕೊಂಡರೋ! ಮೇರಿಲ್ಯಾಂಡಿನ ಬೇಸಿಗೆಯ ತೇವದಲ್ಲಿ ಇದನ್ನು ವರ್ಷಕ್ಕೊಮ್ಮೆಯಾದರೂ ಮಾಡದಿದ್ದರೆ ಪಾಚಿ ಕಟ್ಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು.

ಸತ್ತದ್ದಕ್ಕೆ ಇಷ್ಟು ಶುಶ್ರೂಷೆ ಯಾಕೆ? ನಮ್ಮ ಊರ ಕಡೆಯ ಬಡಗಿಗಳು ಈ ಪ್ರಶ್ನೆ ಕೇಳುತ್ತಿರಲಿಲ್ಲವೇನೋ. ಮರದೊಳಗಿನ ಗಟ್ಟಿ ಭಾಗಕ್ಕೆ ಅವರು 'ಚೇಗು' ಎನ್ನುತ್ತಾರೆ. ಚೇಗು ಬಲಿತ ಮರಕ್ಕೇ ಬೆಲೆ. ಸಸ್ಯಶಾಸ್ತ್ರದ ಪ್ರಕಾರ ಚೇಗೆಂಬುದು ಸತ್ತ ಭಾಗ. ನೀರು ಏರುವುದು ಅದರ ಹೊರಗಿನ ಎಳೆಯ ಕಟ್ಟಿಗೆಯಲ್ಲಿ, ಜೀವ ಬೆಳೆಯುವುದು ತೊಗಟೆಯ ಅಡಿಯ ತೆಳುಪದರದಲ್ಲಿ. ಶ್ರೀಗಂಧದ ಪರಿಮಳ ಇರುವುದೂ ಚೇಗಿನಲ್ಲೇ. ಸಾಗರ, ಸೊರಬದ ಗುಡಿಗಾರರು ಕೆತ್ತುವುದು ಅದನ್ನೇ. ಎಂದರೆ ನಿಂತಿರುವ ಪ್ರತಿ ದೊಡ್ಡ ಮರವೂ ತನ್ನ ಸತ್ತ ವರ್ಷಗಳನ್ನು ಒಳಗಿಟ್ಟುಕೊಂಡೇ ನಿಂತಿದೆ. ನಮ್ಮ ಜೂನಿಪರ್‌ನಲ್ಲಿ ಅದು ಹೊರಗೆ ಕಾಣುತ್ತದೆ, ಅಷ್ಟೆ. ಹೀಗೆ ಯೋಚಿಸಿ ಸಮಾಧಾನ ಮಾಡಿಕೊಂಡೆವು. ಆ ಕೊಂಬೆ ಒಣಗಿದ ಬೇಸಿಗೆ ಯಾವುದೆಂಬುದು ನಮಗೆ ಗೊತ್ತಲ್ಲ, ಕತ್ತರಿಸಿ ಎಸೆಯಲು ಕೈ ಬರುತ್ತಲೂ ಇರಲಿಲ್ಲ.

ಕಷ್ಟದ ಪ್ರಶ್ನೆ ಬಂದದ್ದು ಮೂರು ವರ್ಷದ ನಂತರ. ಬಿಳಿ ಕೊಂಬೆ ಎಡಕ್ಕೆ ಒಂದೇ ಚಾಚಿಕೊಂಡು ಗಿಡ ವಾಲಿದಂತೆ ಕಾಣುತ್ತಿತ್ತು. ಬಲಗಡೆಯ ಕೊಂಬೆಯನ್ನೂ ಸುಲಿದು ಜಿನ್ ಮಾಡಿ, ಕಾಂಡದ ಮೇಲೊಂದು ಶಾರಿ ಇಳಿಸಿದರೆ ಇನ್ನೂರು ವರ್ಷದ ಮರದಂತೆ ಕಾಣುತ್ತದೆ, ಪ್ರದರ್ಶನಕ್ಕೇ ಇಡಬಹುದು ಎಂದು ಕೂಟದಲ್ಲಿ ಸಲಹೆ ಬಂತು. ಒಳ್ಳೆಯ ಸಲಹೆಯೇ. ತೊಂದರೆಯೆಂದರೆ ಬಲಗಡೆಯ ಕೊಂಬೆ ಹಸಿರಾಗಿತ್ತು, ಆ ವಸಂತದಲ್ಲಿ ಚಿಗುರಿತ್ತು.

ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಇಕ್ಕಳ ನೋಡಿ, "ಬದುಕಿರೋದನ್ನ ಸಾಯಿಸಿ, ಕಷ್ಟ ಪಟ್ಟಿದೆ ಅಂತ ತೋರಿಸೋದಾ? ನಿಮ್ಮ ಎಂಟು ಡಾಲರ್ ಕತೆ ಥರಾನೇ ಆಯ್ತು ಇದು" ಅಂದಳು.

ಎಂಟು ಡಾಲರ್ ಕತೆ ಸಂಘದವರಿಗೆಲ್ಲ ಗೊತ್ತು. ನಮಗಿಂತ ಒಂದು ತಲೆಮಾರು ಹಿಂದೆ ಬಂದ ಹಿರಿಯರಲ್ಲಿ ಹಲವರು ನಿಜವಾಗಿಯೂ ಎಂಟು ಡಾಲರ್ ಹಿಡಿದು ಇಳಿದವರು. ಆಗ ಭಾರತ ಸರಕಾರ ಹೊರಗೆ ಒಯ್ಯಲು ಬಿಡುತ್ತಿದ್ದ ವಿದೇಶಿ ಹಣ ಅಷ್ಟೆ. ನಾವು ಬಂದದ್ದು 1996ರಲ್ಲಿ, ಕೈಯಲ್ಲಿ ಕೆಲಸ, ಪೆಟ್ಟಿಗೆಯಲ್ಲಿ ಟ್ರಾವೆಲರ್ಸ್ ಚೆಕ್ಕು, ಏರ್‌ಪೋರ್ಟಿಗೆ ಕಾರು ತಂದ ಸ್ನೇಹಿತರು. ಆದರೂ ಮಕ್ಕಳೆದುರು ಮೊದಲ ಚಳಿಗಾಲದ ಕತೆ ಹೇಳುವಾಗ ಬಸ್ ಸ್ಟಾಪಿಗೆ ಹಿಮದಲ್ಲಿ ನಡೆದ ಅರ್ಧ ಮೈಲಿ ಒಂದಾಗಿ, ಎರಡಾಗಿ, ಕಡೆಗೆ ಮೂರು ಮೈಲಿಯಾಗಿತ್ತು. ಮಗಳು ಲೆಕ್ಕ ಇಟ್ಟುಕೊಂಡಿದ್ದಳು.

ನಮ್ಮ ಪರವಾಗಿಯೂ ವಾದವಿತ್ತು. ಬೋನ್ಸಾಯ್ ಪೂರ್ತಿ ಕೃತಕವೇ ಅಲ್ಲವೇ? ತಂತಿ ಸುತ್ತಿ ಬಗ್ಗಿಸುತ್ತೇವೆ, ಪ್ರತಿ ವರ್ಷ ಬೇರು ಚಿಗುರು ಕತ್ತರಿಸುತ್ತೇವೆ. ಕತ್ತರಿಸುವುದು ಸರಿ, ಸುಲಿಯುವುದು ತಪ್ಪು ಎಂದರೆ ಯಾವ ನ್ಯಾಯ? ಯಕ್ಷಗಾನದಲ್ಲಿ ಬಣ್ಣದ ವೇಷ ಹಾಕಿ ಬಂದವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. ಈ ವಾದ ನಮಗೆ ಇಂದಿಗೂ ಪೂರ್ತಿ ಬಿದ್ದುಹೋಗಿಲ್ಲ. ಹೀಗೆ ಮಾಡಿದ ಮರಗಳಲ್ಲಿ ಬಹಳ ಸುಂದರವಾದವೂ ಇವೆ, ಅವನ್ನು ಮಾಡಿದವರು ನಮಗಿಂತ ಹೆಚ್ಚು ತಿಳಿದವರು. ಆದರೆ ವೇಷಧಾರಿ ಬೆಳಗಾದರೆ ಬಣ್ಣ ತೊಳೆಯುತ್ತಾನೆ. ಕೊಂಬೆಗೆ ಆ ಅನುಕೂಲವಿಲ್ಲ.

ಆ ವಾರವೇ ಮೂವರೂ ವಾಷಿಂಗ್‌ಟನ್ನಿನ ನ್ಯಾಷನಲ್ ಆರ್ಬೊರೇಟಮ್‌ಗೆ ಹೋದೆವು. ಅಲ್ಲಿಯ ಬೋನ್ಸಾಯ್ ಸಂಗ್ರಹಾಲಯ ಶುರುವಾದದ್ದು 1976ರಲ್ಲಿ, ಅಮೆರಿಕದ ಇನ್ನೂರನೇ ವರ್ಷಕ್ಕೆ ಜಪಾನ್ ಕೊಟ್ಟ 53 ಮರಗಳಿಂದ. ಅದರಲ್ಲಿ ಬಿಳಿ ಪೈನ್ ಒಂದಿದೆ, 1625ರಿಂದ ಕುಂಡದಲ್ಲಿ ಬೆಳೆದದ್ದು. ಕೊಟ್ಟವರು ಹಿರೋಶಿಮಾದ ಮಸಾರು ಯಮಾಕಿ. 2001ರಲ್ಲಿ ಅವರ ಮೊಮ್ಮಕ್ಕಳು ಅಜ್ಜನ ಮರ ನೋಡಲು ಬಂದಾಗಲೇ ಸಂಗ್ರಹಾಲಯಕ್ಕೆ ತಿಳಿದದ್ದು: 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಆ ಮರ ಅಲ್ಲೇ, ಸುಮಾರು ಮೂರು ಕಿಲೋಮೀಟರ್ ದೂರದ ಅವರ ಮನೆಯಲ್ಲೇ ಇತ್ತು. ಕಿಟಕಿ ಗಾಜು ಸಿಡಿದು ಮನೆಯವರಿಗೆ ಸಣ್ಣಪುಟ್ಟ ಗಾಯಗಳಾದವು. ಎತ್ತರದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. ಬಾಂಬು ಹಾಕಿದ ದೇಶಕ್ಕೇ ಆ ಮರವನ್ನು ಕೊಡುವಾಗ ಆ ಮಾತನ್ನು ಮುಂದೆ ಮಾಡಲಿಲ್ಲ. ಇಪ್ಪತ್ತೈದು ವರ್ಷ ಅದು ಇಲ್ಲಿ ಬರೀ ಒಂದು ಹಳೆಯ ಪೈನ್ ಆಗಿ ನಿಂತಿತ್ತು.

ಮಗಳು ಮರದ ಸುತ್ತ ಕಣ್ಣಾಡಿಸಿ ಗಾಯ ಹುಡುಕಿದಳು. ನಾವೂ ಹುಡುಕಿದೆವು. ಹಸಿರು ಸೂಜಿಯೆಲೆ, ದಪ್ಪ ಕಾಂಡ. ಸುಟ್ಟದ್ದೆನ್ನುವಂಥದು ನಮ್ಮ ಕಣ್ಣಿಗೆ ಏನೂ ಬೀಳಲಿಲ್ಲ.

ಬಲಗಡೆಯ ಕೊಂಬೆಯನ್ನು ಹಾಗೇ ಬಿಟ್ಟೆವು. ಅದೀಗ ದಟ್ಟವಾಗಿ ಮುಂದಕ್ಕೆ ಬಾಗಿ, ಒಂದು ಕಡೆಯಿಂದ ನೋಡಿದರೆ ಬಿಳಿ ಕೊಂಬೆಯನ್ನೇ ಮರೆಮಾಡುತ್ತದೆ. ಪ್ರದರ್ಶನಕ್ಕೆ ಇಡುವಂಥ ಗಿಡ ಅಲ್ಲ ಎಂದು ಕೂಟದವರು ಮರ್ಯಾದೆಯಿಂದಲೇ ಹೇಳಿದ್ದಾರೆ. ಎಡಗಡೆಯದಕ್ಕೆ ಮಾತ್ರ ಬೇಸಿಗೆ ಬಂದರೆ ದ್ರಾವಣ ಹಚ್ಚುತ್ತೇವೆ, ತಂದೆಯವರ ತಿಥಿಯ ಹಿಂದುಮುಂದಿನ ವಾರದಲ್ಲಿ, ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿ. ಬುಡದ ಹತ್ತಿರ, ಮಣ್ಣು ತಾಗುವಲ್ಲಿ, ಕಟ್ಟಿಗೆ ಸ್ವಲ್ಪ ಮೆತ್ತಗಾಗುತ್ತಿದೆ. ಗಟ್ಟಿ ಮಾಡುವ ಔಷಧಿ ಅಂಗಡಿಯಲ್ಲಿ ಸಿಗುತ್ತದಂತೆ. ಹಾಕುವುದೋ ಬಿಡುವುದೋ, ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.